ಟ್ಯಾಬ್ ಬಿಚ್ಚಬೇಕಾ? ಮೊದಲು ಸ್ಟ್ರಿಪ್ ಎಲ್ಲಿದೆ ನೋಡಿ

ಧಾರವಾಡದ ಸುಭಾಸ ರಸ್ತೆಯ ಒಂದು ಒಳ ಓಣಿಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಮೊಬೈಲೂ ಮಾಡುತ್ತೇನೆ, ಆದರೆ ಮೇಜಿನ ಮೇಲೆ ಜಾಸ್ತಿ ಇರುವುದು ಟ್ಯಾಬ್‌ಗಳೇ. ಸಪ್ತಾಪುರದ ಕಡೆ ರೂಮ್ ಹಿಡಿದು ಪಿಎಸ್‌ಐ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರಿಗೆ ಕ್ಲಾಸು, ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದರಲ್ಲೇ. 2021ರಲ್ಲಿ ಸರ್ಕಾರಿ ಕಾಲೇಜಿನ ಮಕ್ಕಳಿಗೆ ರಾಜ್ಯ ಸರ್ಕಾರ ಹಂಚಿದ ಟ್ಯಾಬ್‌ಗಳೂ ಬರುತ್ತವೆ. ಅಣ್ಣ ಓದಿ ಮುಗಿಸಿದ್ದಾನೆ, ಈಗ ತಂಗಿ ಬಳಸುತ್ತಿದ್ದಾಳೆ, ಬ್ಯಾಟರಿಗೆ ವಯಸ್ಸಾಗಿದೆ.

ಒಂದು ಬ್ಯಾಟರಿಗೋ ಒಂದು ಚಾರ್ಜಿಂಗ್ ಪಿನ್ನಿಗೋ ಇಡೀ ಟ್ಯಾಬನ್ನು ಮೂಲೆಗೆ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬಿಚ್ಚುವ ಕೆಲಸವನ್ನು ತಾಳ್ಮೆ ಇರುವ ಯಾರು ಬೇಕಾದರೂ ಕಲಿಯಬಹುದು. ಆದರೆ ಮನೆಯಲ್ಲಿ ಬಿಚ್ಚಿ ಆಮೇಲೆ ನನ್ನ ಹತ್ತಿರ ತರುವ ಟ್ಯಾಬ್‌ಗಳಲ್ಲಿ ಮೂಲ ತೊಂದರೆ ಸಣ್ಣದಿರುತ್ತದೆ, ಬಿಚ್ಚುವಾಗ ಆದ ಹಾನಿ ದೊಡ್ಡದಿರುತ್ತದೆ. ಹರಿದ ಸ್ಟ್ರಿಪ್ (ಒಳಗಿನ ತೆಳು ರಿಬ್ಬನ್ ಕೇಬಲ್), ಒಡೆದ ಡಿಸ್‌ಪ್ಲೇ, ಚುಚ್ಚಿಸಿಕೊಂಡ ಬ್ಯಾಟರಿ. ಮೂರಕ್ಕೂ ಕಾರಣ ಒಂದೇ. ಒಳಗೆ ಎಲ್ಲಿ ಏನಿದೆ ಅಂತ ತಿಳಿಯುವ ಮೊದಲೇ ಓಪನರ್ ಒಳಗೆ ಹೋಗಿರುತ್ತದೆ. ಅದಕ್ಕೇ ನಾನು ಹೇಳುವ ಕ್ರಮದಲ್ಲಿ ಬಿಚ್ಚುವುದಕ್ಕಿಂತ ಬಿಚ್ಚುವ ಮುಂಚಿನ ಕೆಲಸವೇ ಜಾಸ್ತಿ.

ಬಿಚ್ಚಲೇಬೇಕಾ ಅಂತ ಮೊದಲು ನೋಡಿ

ಚಾರ್ಜ್ ಆಗ್ತಿಲ್ಲ ಅಂತ ಬರುವ ಟ್ಯಾಬ್‌ನಲ್ಲಿ ನಾನು ಮೊದಲು ನೋಡುವುದು ಚಾರ್ಜಿಂಗ್ ಪಿನ್ನಿನ ಬಾಯಿ. ಟಾರ್ಚ್ ಹಿಡಿದು ನೋಡಿ. ಬ್ಯಾಗಿನ ನೂಲು, ಧೂಳು ಸೇರಿ ತಳದಲ್ಲಿ ಗಟ್ಟಿ ಪದರ ಕಟ್ಟಿರುತ್ತದೆ. ಹುಬ್ಬಳ್ಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರ ಟ್ಯಾಬ್‌ನಲ್ಲಂತೂ ಇದು ಇದ್ದೇ ಇರುತ್ತದೆ, ಅಲ್ಲಿನ ಧೂಳು ಗೊತ್ತಲ್ವಾ. ಟ್ಯಾಬ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಪಿನ್ನು ಬೇಡ. ಲೋಹ ತಾಗಿದರೆ ಒಳಗಿನ ಸಣ್ಣ ಕಾಲುಗಳು ಬಾಗುತ್ತವೆ, ಶಾರ್ಟ್ ಕೂಡ ಆಗಬಹುದು.

ಆಮೇಲೆ ಬೇರೆ ಕೇಬಲ್, ಬೇರೆ ಅಡಾಪ್ಟರ್ ಹಾಕಿ ನೋಡಿ. ಪೂರ್ತಿ ಸತ್ತಂತೆ ಕಾಣುವ ಟ್ಯಾಬನ್ನು ಒಳ್ಳೆಯ ಚಾರ್ಜರಿಗೆ ಹಾಕಿ ಒಂದು ಗಂಟೆ ಬಿಡಿ. ಬ್ಯಾಟರಿ ತೀರಾ ಇಳಿದಿದ್ದರೆ ಪರದೆ ಬೆಳಗುವುದಕ್ಕೇ ಹೊತ್ತು ಹಿಡಿಯುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಪವರ್ ಬಟನ್ ಮತ್ತು ವಾಲ್ಯೂಮ್ ಬಟನ್, ಹೋಮ್ ಬಟನ್ ಇರುವ ಐಪ್ಯಾಡ್‌ನಲ್ಲಿ ಪವರ್ ಬಟನ್ ಮತ್ತು ಹೋಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದು ಬಲವಂತವಾಗಿ ರೀಸ್ಟಾರ್ಟ್ ಮಾಡಿ ನೋಡಿ. ಇಷ್ಟರಲ್ಲೇ ಸರಿಹೋದರೆ ಸ್ಕ್ರೂ ಡ್ರೈವರ್ ಮುಟ್ಟುವುದೇ ಬೇಡ. ವಾರಂಟಿ ಇದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಒಂದು ಸಂದರ್ಭದಲ್ಲಿ ಮಾತ್ರ ಈ ಯಾವ ಪರೀಕ್ಷೆಯೂ ಬೇಡ. ಬೆನ್ನು ಉಬ್ಬಿದ್ದರೆ, ಗಾಜು ಅಂಚಿನಲ್ಲಿ ಎದ್ದಿದ್ದರೆ, ಮೇಜಿನ ಮೇಲಿಟ್ಟಾಗ ಟ್ಯಾಬ್ ಅಲುಗಾಡುತ್ತಿದ್ದರೆ ಚಾರ್ಜರ್ ಹಾಕಲೇಬೇಡಿ. ಅದರ ಬಗ್ಗೆ ಮುಂದೆ ಬಿಡಿಸಿ ಹೇಳುತ್ತೇನೆ.

ಯಾವ ಕಡೆಯಿಂದ ತೆರೆಯುತ್ತದೆ?

ಟ್ಯಾಬನ್ನು ಕೈಯಲ್ಲಿ ಹಿಡಿದು ಸಂದು ಎಲ್ಲಿದೆ ಅಂತ ಉಗುರಿನಿಂದ ಹುಡುಕಿ. ಬದಿಯ ಚೌಕಟ್ಟಿಗೂ ಹಿಂದಿನ ಕವರಿಗೂ ನಡುವೆ ಸಂದು ಸಿಕ್ಕರೆ ಅದು ಸಾಮಾನ್ಯವಾಗಿ ಹಿಂದಿನಿಂದ ತೆರೆಯುವ ಟ್ಯಾಬ್. ಕಡಿಮೆ ಬೆಲೆಯ ಆಂಡ್ರಾಯ್ಡ್ ಟ್ಯಾಬ್‌ಗಳು ತುಂಬಾ ಹೀಗೇ ಇರುತ್ತವೆ. ಪ್ಲಾಸ್ಟಿಕ್ ಕ್ಲಿಪ್ಪುಗಳು ಸುತ್ತಲೂ ಕಚ್ಚಿಕೊಂಡಿರುತ್ತವೆ. ಹಿಂಭಾಗ ಮತ್ತು ಬದಿ ಒಂದೇ ಲೋಹದ ತುಂಡಾಗಿದ್ದು, ಸಂದು ಮುಂದೆ ಗಾಜಿನ ಸುತ್ತ ಇದ್ದರೆ ಅದು ಮುಂದಿನಿಂದ ತೆರೆಯುವಂಥದ್ದು. ಐಪ್ಯಾಡ್‌ಗಳು ಹೀಗಿವೆ. ಅಲ್ಲಿ ಕ್ಲಿಪ್ಪಿಲ್ಲ, ಗಾಜನ್ನು ಅಂಟಿನಿಂದಲೇ ಕೂರಿಸಿರುತ್ತಾರೆ.

ಮುಂದಿನಿಂದ ತೆರೆಯುವ ಟ್ಯಾಬ್‌ನಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಹೋಮ್ ಬಟನ್ ಇರುವ ಸಾದಾ ಐಪ್ಯಾಡ್‌ಗಳಲ್ಲಿ, ಅಂದರೆ ಐದರಿಂದ ಒಂಬತ್ತನೇ ಪೀಳಿಗೆಯವರೆಗೆ, ಟಚ್ ಗ್ಲಾಸು ಬೇರೆ, ಅದರ ಕೆಳಗಿನ ಡಿಸ್‌ಪ್ಲೇ ಬೇರೆ. ಗಾಜು ಒಡೆದರೆ ಗಾಜನ್ನಷ್ಟೇ ಬದಲಿಸಬಹುದು. ಐಪ್ಯಾಡ್ ಏರ್ 2 ಮತ್ತು ಪ್ರೊಗಳಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ಇದು ಸಾಮಾನ್ಯ. ಇದನ್ನು ನಾವು ಕಾಂಬೋ ಅನ್ನುತ್ತೇವೆ. ಕಾಂಬೋ ಇರುವ ಟ್ಯಾಬ್‌ನಲ್ಲಿ ಪಿಕ್, ಅಂದರೆ ಸಂದಿಗೆ ತೂರಿಸುವ ತೆಳು ಪ್ಲಾಸ್ಟಿಕ್ ತುಂಡು, ಗಾಜಿಗೂ ಡಿಸ್‌ಪ್ಲೇಗೂ ನಡುವೆ ನುಗ್ಗಿದರೆ ಪರದೆ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಯಾವ ಪದರದ ಕೆಳಗೆ ತೂರಿಸುತ್ತಿದ್ದೀರಿ ಅನ್ನುವುದು ಕಣ್ಣಿಗೆ ಕಾಣುತ್ತಿರಬೇಕು.

ಹಿಂದೆ ಬರೆದಿರುವ ಅಥವಾ ಸೆಟ್ಟಿಂಗ್ಸ್‌ನಲ್ಲಿ ಸಿಗುವ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಐಪ್ಯಾಡ್‌ನಲ್ಲಿ ಎ ಅಕ್ಷರ ಮತ್ತು ನಾಲ್ಕು ಅಂಕಿ ಇರುತ್ತದೆ. ಆ ನಂಬರ್ ಹಾಕಿ ಬಿಚ್ಚುವ ವಿಡಿಯೋ ಅಥವಾ ರಿಪೇರಿ ಕಲಿಸುವ ಐಫಿಕ್ಸಿಟ್ ವೆಬ್‌ಸೈಟಿನ ಚಿತ್ರಗಳನ್ನು ಹುಡುಕಿ. ನೋಡಬೇಕಾದ್ದು ಎರಡೇ: ಸ್ಟ್ರಿಪ್‌ಗಳು ಯಾವ ಅಂಚಿನಿಂದ ಹಾದುಹೋಗುತ್ತವೆ, ಬ್ಯಾಟರಿ ಎಲ್ಲಿಂದ ಎಲ್ಲಿಯವರೆಗೆ ಇದೆ. ಸ್ಟ್ರಿಪ್ ಅಂದರೆ ಡಿಸ್‌ಪ್ಲೇ, ಟಚ್, ಬಟನ್ನುಗಳನ್ನು ಟ್ಯಾಬ್‌ನ ಮುಖ್ಯ ಸರ್ಕಿಟ್ ಬೋರ್ಡಿಗೆ ಸೇರಿಸುವ ಕಾಗದದಷ್ಟು ತೆಳು ರಿಬ್ಬನ್ ಕೇಬಲ್. ಉಗುರು ತಾಗಿದರೂ ಹರಿಯುತ್ತದೆ. ಐಪ್ಯಾಡ್‌ನ ಹೋಮ್ ಬಟನ್ ಸ್ಟ್ರಿಪ್ ಹರಿದರೆ ಇನ್ನೂ ಕಷ್ಟ. ಬೆರಳಚ್ಚು ಓದುವ ಆ ಬಟನ್ ಅದೇ ಬೋರ್ಡಿಗೆ ಜೋಡಿಯಾಗಿರುತ್ತದೆ, ಬೇರೆ ಬಟನ್ ತಂದು ಹಾಕಿದರೂ ಬೆರಳಚ್ಚು ಕೆಲಸ ಮಾಡುವುದಿಲ್ಲ.

ನೋಡಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಹೋಗಬೇಡಿ. ಪೇಂಟಿಂಗ್ ಮಾಡುವವರು ಬಳಸುವ ಕಾಗದದ ಟೇಪನ್ನು ಟ್ಯಾಬ್‌ನ ನಾಲ್ಕೂ ಅಂಚಿಗೆ ಅಂಟಿಸಿ. ಸ್ಟ್ರಿಪ್ ಇರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು "ಇಲ್ಲಿ ಬೇಡ" ಅಂತ ಬರೆಯಿರಿ. ನನ್ನ ಅಂಗಡಿಗೆ ಕಲಿಯಲು ಬರುವ ಹುಡುಗರು ಈ ಟೇಪ್ ಹಾಕದೆ ಓಪನರ್ ಎತ್ತುವ ಹಾಗಿಲ್ಲ.

ಮೇಜಿನ ಮೇಲೆ ಏನೇನಿರಬೇಕು

ದುಬಾರಿ ಸಾಮಾನು ಏನೂ ಬೇಡ. ಗಿಟಾರ್ ಬಾರಿಸುವ ಪ್ಲಾಸ್ಟಿಕ್ ಪಿಕ್ ಏಳೆಂಟು, ತೆಳ್ಳಗಿನವು. ಧಾರವಾಡದಲ್ಲಿ ಹಾಡು, ವಾದ್ಯ ಕಲಿಯುವವರಿಗೆ ಕಡಿಮೆ ಇಲ್ಲ, ವಾದ್ಯದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಗಾಜು ಎತ್ತಲು ರಬ್ಬರ್ ಸಕ್ಷನ್ ಕಪ್ ಒಂದು. ಪ್ಲಾಸ್ಟಿಕ್ ಓಪನರ್ ಒಂದು. ಅವಧಿ ಮುಗಿದ ಎಟಿಎಂ ಕಾರ್ಡ್ ಕೂಡ ಒಳ್ಳೆಯ ಓಪನರೇ. ಪಿಎಚ್ 00 ಮತ್ತು ಪಿಎಚ್ 000 ಅಳತೆಯ ಸ್ಟಾರ್ ಸ್ಕ್ರೂ ಡ್ರೈವರ್, ಚಿಮಟ, ಸ್ಕ್ರೂ ಇಡಲು ಮುಚ್ಚಳ ಅಥವಾ ಮಾತ್ರೆ ಡಬ್ಬಿ. ಕಣ್ಣಿಗೆ ಕನ್ನಡಕ. ಸುಮ್ನೆ ಹೇಳುತ್ತಿಲ್ಲ, ಒಡೆದ ಗಾಜಿನ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು.

ಲೋಹದ ತೆಳು ಬ್ಲೇಡನ್ನು ಅಂಗಡಿಯವರು ಬಳಸುವುದನ್ನು ನೀವು ನೋಡಿರಬಹುದು. ಕೈ ಪಳಗಿದವರಿಗೆ ಅದು ಸರಿ. ಮೊದಲ ಸಲ ಬಿಚ್ಚುವವರು ಅದನ್ನು ಮೇಜಿನ ಮೇಲೇ ಇಡಬೇಡಿ, ಎದುರಿಗಿದ್ದರೆ ಅವಸರದಲ್ಲಿ ಕೈ ಅದರ ಕಡೆಗೇ ಹೋಗುತ್ತದೆ.

ಅಂಟು ಬಿಡಿಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. 99 ಪ್ರತಿಶತದ್ದೇ ಕೇಳಿ. ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ. ಥಿನ್ನರ್, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಐಪಿಎಗೆ ಬೇಗ ಬೆಂಕಿ ಹತ್ತುತ್ತದೆ, ಆದ್ದರಿಂದ ಹೀಟ್ ಗನ್ ಓಡುತ್ತಿರುವಾಗ ಬಾಟಲಿಯ ಮುಚ್ಚಳ ಹಾಕಿಯೇ ಇರಬೇಕು.

ಇನ್ನೊಂದು ಬೇಕೇ ಬೇಕು. ಒಂದು ಬಕೆಟ್ ಒಣ ಮರಳು, ಬ್ಯಾಟರಿ ಹೊತ್ತಿಕೊಂಡರೆ ಮುಚ್ಚಲು. ಪಕ್ಕದಲ್ಲಿ ಉದ್ದನೆಯ ಇಕ್ಕಳ.

ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತಿನ ಬಗ್ಗೆಯೂ ಎರಡು ಮಾತು. ಮಳೆಗಾಲದಲ್ಲಿ ಧಾರವಾಡದ ಗಾಳಿಯಲ್ಲಿ ತೇವ ಇರುತ್ತದೆ, ಅಷ್ಟು ಚಿಂತೆ ಇಲ್ಲ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಅದೇ ಬೋರ್ಡಿನ ಐಸಿಗೆ (ಚಿಪ್ಪಿಗೆ) ಹೊಡೆತ ಕೊಡಬಲ್ಲದು. ಉಣ್ಣೆ, ನೈಲಾನ್ ಬಟ್ಟೆ ಹಾಕಿ ಕೂರಬೇಡಿ. ಕಂಬಳಿ, ಕಾರ್ಪೆಟ್ ಮೇಲೆ ಕೆಲಸ ಬೇಡ, ಬರೀ ಮರದ ಮೇಜು ಒಳ್ಳೆಯದು. ಹಳೆಯ ಮನೆಯಲ್ಲಿ ಕಬ್ಬಿಣದ ನಳದ ಪೈಪ್ ಇದ್ದರೆ ಕೆಲಸಕ್ಕೆ ಮೊದಲು ಅದನ್ನೊಮ್ಮೆ ಮುಟ್ಟಿ ಬನ್ನಿ. ಪ್ಲಾಸ್ಟಿಕ್ ಪೈಪಿನ ನಳ ಮುಟ್ಟಿದರೆ ಉಪಯೋಗ ಇಲ್ಲ. ಪದೇ ಪದೇ ಬಿಚ್ಚುವವರು ಆ್ಯಂಟಿ ಸ್ಟ್ಯಾಟಿಕ್ ಮಣಿಕಟ್ಟಿನ ಪಟ್ಟಿ ಕೊಳ್ಳಿ. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ಅದೇ ನಿಮ್ಮನ್ನು ಶಾಕ್‌ನಿಂದ ಕಾಯುವುದು. ಅದರ ಬದಲು ಸಾದಾ ತಂತಿಯನ್ನು ಕೈಗೆ ಕಟ್ಟಿಕೊಳ್ಳಬೇಡಿ.

ಈಗ ಬಿಚ್ಚೋಣ

ಫೋಟೋ, ನೋಟ್ಸ್ ಎಲ್ಲ ಬೇರೆ ಕಡೆ ಉಳಿಸಿಕೊಳ್ಳಿ. ಚಾರ್ಜ್ 25 ಪ್ರತಿಶತಕ್ಕಿಂತ ಕೆಳಗೆ ಇಳಿಯಲಿ. ತುಂಬಿದ ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಅಪಾಯ ಜಾಸ್ತಿ, ಇಳಿದಿದ್ದರೆ ಅಷ್ಟೇ ಕಡಿಮೆ. 10 ಇಂಚಿನ ಟ್ಯಾಬ್‌ನಲ್ಲಿ 7000 ಎಂಎಎಚ್ ಆಸುಪಾಸಿನ ಬ್ಯಾಟರಿ ಸಾಮಾನ್ಯ. ಅದು ಒಳಗಿನ ಜಾಗದ ಬಹುಪಾಲನ್ನು ತುಂಬಿರುತ್ತದೆ. ಮೇಲೆ ಇರುವುದು ತೆಳು ಹಾಳೆಯ ಹೊದಿಕೆ ಅಷ್ಟೆ.

ಪೂರ್ತಿ ಆಫ್ ಮಾಡಿ. ಸಿಮ್ ಟ್ರೇ, ಮೆಮೊರಿ ಕಾರ್ಡ್, ಪೆನ್ ಇದ್ದರೆ ಪೆನ್, ಎಲ್ಲ ಹೊರಗೆ ತೆಗೆಯಿರಿ. ಕಾರ್ಡ್ ಒಳಗಿದ್ದಾಗ ಕವರ್ ಎಳೆದರೆ ಕಾರ್ಡೂ ಸ್ಲಾಟೂ ಎರಡೂ ಮುರಿಯುತ್ತವೆ. ಹೊರಗೆ ಸ್ಕ್ರೂ ಇದೆಯಾ ನೋಡಿ. ಕೆಲವು ಟ್ಯಾಬ್‌ಗಳಲ್ಲಿ ಟ್ರೇ ಜಾಗದ ಒಳಗೆ ಅಥವಾ ಸ್ಟಿಕರ್ ಕೆಳಗೆ ಒಂದೆರಡು ಅಡಗಿರುತ್ತವೆ. ಗಾಜು ಮೊದಲೇ ಒಡೆದಿದ್ದರೆ ಪ್ಯಾಕಿಂಗ್‌ನ ಪಾರದರ್ಶಕ ಟೇಪನ್ನು ಅದರ ಮೇಲೆ ಸಾಲು ಸಾಲಾಗಿ ಅಂಟಿಸಿ. ಚೂರು ಉದುರುವುದಿಲ್ಲ, ಸಕ್ಷನ್ ಕಪ್ಪಿಗೂ ಹಿಡಿತ ಸಿಗುತ್ತದೆ.

ಕ್ಲಿಪ್ಪಿನ ಟ್ಯಾಬ್ ಸುಲಭ. ಒಂದು ಮೂಲೆಯ ಹತ್ತಿರ ಪಿಕ್ ತೂರಿಸಿ, ಮೆಲ್ಲಗೆ ತಿರುವಿ. ಟಿಕ್ ಅಂತ ಶಬ್ದ ಬರುತ್ತದೆ. ಅದು ಕ್ಲಿಪ್ ಬಿಟ್ಟ ಶಬ್ದ, ಹೆದರಬೇಡಿ. ಆ ಪಿಕ್ಕನ್ನು ಅಲ್ಲೇ ಬಿಟ್ಟು ಎರಡನೆಯದನ್ನು ಎರಡು ಬೆರಳು ದೂರದಲ್ಲಿ ತೂರಿಸಿ. ತೆಗೆದರೆ ಹಿಂದಿನ ಕ್ಲಿಪ್ ಮತ್ತೆ ಕಚ್ಚಿಕೊಳ್ಳುತ್ತದೆ. ಟಿಕ್ ಬದಲು ಕರಕ್ ಅಂದರೆ ನಿಲ್ಲಿಸಿ, ಅಲ್ಲಿ ಸ್ಕ್ರೂ ಬಾಕಿ ಇರಬಹುದು.

ಅಂಟಿನ ಟ್ಯಾಬ್‌ಗೆ ಬಿಸಿ ಬೇಕು. ನಮ್ಮ ಹತ್ತಿರ ಬಿಸಿ ಕೊಟ್ಟು ಗಾಜು ಬಿಡಿಸುವ ಸೆಪರೇಟರ್ ಮಷಿನ್ ಇದೆ, ಮನೆಯಲ್ಲಿ ಹೇರ್ ಡ್ರೈಯರ್ ಸಾಕು. ಅಂಟು ಮೆತ್ತಗಾಗಲು ಸುಮಾರು 60ರಿಂದ 70 ಡಿಗ್ರಿ ಬೇಕಾಗುತ್ತದೆ. ಬೆರಳಿಟ್ಟರೆ ಒಂದು ಕ್ಷಣ ತಡೆಯಬಹುದು, ಇಟ್ಟುಕೊಂಡಿರಲು ಆಗದು, ಅಷ್ಟು. ಹೀಟ್ ಗನ್ ಬಳಸುವವರು ಅತಿ ಕಡಿಮೆಗೆ ಇಟ್ಟು ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಿರಿ. ಮನೆಯಲ್ಲಿ ಬಿಚ್ಚುವವರಿಗೆ ಹೇಳಲು ನನಗೆ ಇಷ್ಟವಾದ ವಿಧಾನ ಬೇರೆ ಇದೆ. ಮೆಡಿಕಲ್ ಅಂಗಡಿಯಲ್ಲಿ ಸೊಂಟ ನೋವಿಗೆ ಸಿಗುವ ರಬ್ಬರ್ ಬಿಸಿನೀರಿನ ಚೀಲ. ಕುದಿಯುವುದು ಬೇಡ, ಕುದಿ ಇಳಿದ ನೀರು ತುಂಬಿ, ಹೊರಗೆ ಚೆನ್ನಾಗಿ ಒರೆಸಿ, ಬಿರಡೆ ಬಿಗಿ ನೋಡಿ, ಮಡಚಿ ಒಂದು ಅಂಚಿನ ಮೇಲೆ ಎರಡು ಮೂರು ನಿಮಿಷ ಇಡಿ. ಅದು ಆ ನೀರಿಗಿಂತ ಬಿಸಿ ಏರಲಾರದು. ಬಿಸಿ ಅಂಚಿಗೆ ಮಾತ್ರ. ಟ್ಯಾಬ್‌ನ ನಡುವೆ ಬ್ಯಾಟರಿ ಇದೆ, ಅದಕ್ಕೆ ಬಿಸಿ ತಾಗಬಾರದು.

ಬಿಸಿಯಾದ ಅಂಚಿನ ಹತ್ತಿರ ಸಕ್ಷನ್ ಕಪ್ ಒತ್ತಿ, ನೇರವಾಗಿ ಮೇಲಕ್ಕೆ ಎಳೆಯಿರಿ. ಎಳೆದು ಹಾಗೇ ಹಿಡಿದಿರಿ. ಜಗ್ಗುವುದು ಬೇಡ. ಸ್ವಲ್ಪ ಹೊತ್ತಿಗೆ ಗಾಜಿಗೂ ಚೌಕಟ್ಟಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಅಷ್ಟರಲ್ಲಿ ಪಿಕ್‌ನ ತುದಿ ಇಟ್ಟುಬಿಡಿ. ಸೊಟ್ಟ ಹಿಡಿಯಬೇಡಿ, ಪಿಕ್ ಗಾಜಿಗೆ ಸಮಾನಾಂತರವಾಗಿರಬೇಕು. ಸರಿಯಾಗಿ ಬಿಸಿಯಾಗಿದ್ದರೆ ಅಂಟು ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಎಳೆ ಬರದೆ ಪಿಕ್ ತಡೆದರೆ ಕೈಬಲ ಜಾಸ್ತಿ ಮಾಡಬೇಡಿ, ಮತ್ತೆ ಬಿಸಿ ಕೊಡಿ. ಗಾಜು ಒಡೆಯುವುದು ಯಾವಾಗಲೂ ಈ ಹೊತ್ತಿನಲ್ಲೇ. ಇನ್ನೊಂದು ಸಲ ಚೀಲ ಬಿಸಿ ಮಾಡುವ ಬೇಸರಕ್ಕೆ ಜನ ಬಲ ಹಾಕುತ್ತಾರೆ.

ಪಿಕ್ ಎಷ್ಟು ಒಳಗೆ ಹೋಗಬೇಕು? ಅಂಟಿನ ಪಟ್ಟಿಯ ಅಗಲದಷ್ಟು ಮಾತ್ರ. ಮೂರು ನಾಲ್ಕು ಮಿಲಿಮೀಟರ್ ಸಾಕು. ಪಿಕ್‌ನ ಮೇಲೆ ಆ ಅಳತೆಗೆ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ, ಗೆರೆ ಗಾಜಿನ ಅಂಚು ದಾಟಬಾರದು. "ಇಲ್ಲಿ ಬೇಡ" ಟೇಪ್ ಬಂದಾಗ ಪಿಕ್ ಹೊರಗೆ ತೆಗೆದು ಆ ಜಾಗ ದಾಟಿಸಿ ಮುಂದೆ ತೂರಿಸಿ. ಅಲ್ಲಿನ ಅಂಟಿಗೆ ಕೊನೆಗೆ ಎರಡು ಹನಿ ಐಪಿಎ ಬಿಟ್ಟರೆ ತಾನೇ ಸಡಿಲವಾಗುತ್ತದೆ.

ಸುತ್ತ ಬಿಟ್ಟಮೇಲೆ ಗಾಜನ್ನು ಎತ್ತಿ ಪಕ್ಕಕ್ಕೆ ಇಟ್ಟುಬಿಡುವ ಹಾಗಿಲ್ಲ. ಸ್ಟ್ರಿಪ್ ಇನ್ನೂ ಬೋರ್ಡಿಗೆ ಸೇರಿಕೊಂಡೇ ಇದೆ. ಸ್ಟ್ರಿಪ್ ಇರುವ ಬದಿಯನ್ನು ಹಾಗೇ ಬಿಟ್ಟು ಎದುರು ಬದಿಯಿಂದ ಬೆರಳಷ್ಟು ಎತ್ತಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಪುಸ್ತಕದ ಹಾಳೆ ತಿರುವಿದ ಹಾಗೆ ಮೆಲ್ಲಗೆ ತೆರೆಯಿರಿ.

ಒಳಗೆ ಕೈ ಹಾಕಿದ ಮೇಲೆ

ಮೊದಲ ಕೆಲಸ ಒಂದು ಫೋಟೋ. ಎರಡನೆಯದು ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಉಳಿದ ಯಾವುದನ್ನೂ ಅದಕ್ಕೂ ಮೊದಲು ಮುಟ್ಟಬಾರದು. ಟ್ಯಾಬ್ ಆಫ್ ಇದ್ದರೂ ಬೋರ್ಡಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇದ್ದೇ ಇರುತ್ತದೆ. ಆ ಸ್ಥಿತಿಯಲ್ಲಿ ಡಿಸ್‌ಪ್ಲೇ ಕನೆಕ್ಟರ್ ಕಿತ್ತರೆ ಅಥವಾ ಸ್ಕ್ರೂ ಡ್ರೈವರ್ ಜಾರಿದರೆ ಪರದೆಯ ಬೆಳಕಿನ ಸರ್ಕಿಟ್ ಸುಟ್ಟುಹೋಗಬಹುದು. ಕನೆಕ್ಟರ್ ಮೇಲೆ ಸಣ್ಣ ತಗಡಿನ ಪಟ್ಟಿ ಇದ್ದರೆ ಅದರ ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಓಪನರ್‌ನಿಂದ ಕನೆಕ್ಟರನ್ನು ನೇರ ಮೇಲಕ್ಕೆ ಎತ್ತಿ. ತಂತಿ ಹಿಡಿದು ಎಳೆಯಬೇಡಿ.

ಸ್ಟ್ರಿಪ್‌ಗಳ ಕನೆಕ್ಟರ್ ಎರಡು ಬಗೆ. ಒಂದು ಗುಂಡಿಯಂತೆ ಒತ್ತಿ ಕೂರಿಸುವುದು, ಅದನ್ನು ಅಂಚಿನಿಂದ ಎತ್ತಿದರೆ ಬರುತ್ತದೆ. ಇನ್ನೊಂದರಲ್ಲಿ ಸ್ಟ್ರಿಪ್ ಒಂದು ಸೀಳಿನೊಳಗೆ ಹೋಗಿರುತ್ತದೆ, ಮೇಲೆ ಕಪ್ಪು ಅಥವಾ ಬಿಳಿ ಬಣ್ಣದ ಕೂದಲು ದಪ್ಪದ ರೆಪ್ಪೆ ಇರುತ್ತದೆ. ಉಗುರಿನ ತುದಿಯಿಂದ ಆ ರೆಪ್ಪೆಯನ್ನು ಎತ್ತಿ ನಿಲ್ಲಿಸಬೇಕು. ಆಗ ಸ್ಟ್ರಿಪ್ ತಾನೇ ಸಡಿಲ ಬರುತ್ತದೆ, ಯಾವ ಬಲವೂ ಬೇಡ. ರೆಪ್ಪೆ ಯಾವ ಬದಿಯಲ್ಲಿದೆ ಅಂತ ತಿಳಿಯದೆ ಕನೆಕ್ಟರನ್ನೇ ಮೀಟಿದರೆ ಬೋರ್ಡಿನಿಂದ ಅದು ಕಿತ್ತು ಬರುತ್ತದೆ. ಅದನ್ನು ಮತ್ತೆ ಕೂರಿಸಲು ಮೈಕ್ರೋಸ್ಕೋಪ್ ಬೇಕು. ಭೂತಗನ್ನಡಿ ಹಿಡಿದು ಒಂದು ನಿಮಿಷ ನೋಡುವುದೇ ಇಲ್ಲಿ ದೊಡ್ಡ ಕೆಲಸ.

ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಒಂದು ಬಿಳಿ ಹಾಳೆಯ ಮೇಲೆ ಟ್ಯಾಬ್‌ನ ಚಿತ್ರ ಬರೆದು, ಎಲ್ಲಿಂದ ತೆಗೆದಿರೋ ಅಲ್ಲಿಗೇ ಟೇಪ್ ಹಾಕಿ ಅಂಟಿಸಿ. ನೋಡಲು ಎಲ್ಲ ಒಂದೇ ಅನ್ನಿಸಿದರೂ ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಅದು ಬೋರ್ಡಿನ ಒಳಗಿನ ತಾಮ್ರದ ಗೆರೆಗಳನ್ನು ಕೊರೆದುಬಿಡುತ್ತದೆ, ಟ್ಯಾಬ್ ಅಲ್ಲಿಗೇ ಮುಗಿಯಿತು. ಸ್ಕ್ರೂ ತಲೆ ಸವೆದು ಡ್ರೈವರ್ ಜಾರುತ್ತಿದ್ದರೆ ನಡುವೆ ಅಗಲ ರಬ್ಬರ್ ಬ್ಯಾಂಡ್ ಇಟ್ಟು, ಕೆಳಕ್ಕೆ ಗಟ್ಟಿ ಒತ್ತಿ ತಿರುವಿ ನೋಡಿ.

ಉಬ್ಬಿದ ಬ್ಯಾಟರಿ

ಮೊನ್ನೆ ಒಬ್ಬ ಹುಡುಗ ಬಂದಿದ್ದ. "ಅಕ್ಕಾರ, ಇದರ ಬೆನ್ನು ಉಬ್ಬೇತಿ ನೋಡ್ರಿ. ದಾರ ಕಟ್ಟಿ ಇಟ್ಟೇನಿ, ಪರೀಕ್ಷಾ ಮುಗಿಯೂ ತನಕ ನಡೀತೈತೇನ್ರಿ?" ಅಂತ ಕೇಳಿದ. "ಒಂದು ದಿನಾನೂ ಬ್ಯಾಡ ತಮ್ಮಾ. ರಾತ್ರಿ ಚಾರ್ಜಿಗೆ ಹಾಕಿ ಬಾಜೂಕ ಮಲಗ್ತೀಯಲ್ಲ, ಅದು ಬ್ಯಾಡ" ಅಂದೆ. ಆ ಹುಡುಗನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಉಬ್ಬು ಅಂದರೆ ಒಳಗಿನ ರಾಸಾಯನಿಕ ಒಡೆದು ಗಾಳಿ ತುಂಬಿದೆ ಅಂತ. ಒತ್ತಿ ಕೂರಿಸಿದರೆ, ದಾರ ಬಿಗಿದರೆ, ಪಿನ್ನು ಚುಚ್ಚಿ ಗಾಳಿ ಬಿಟ್ಟರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಏಳುತ್ತದೆ. ಗಾಳಿ ಬಿಡುವ ಪ್ರಯತ್ನ ಮಾಡಿದವರನ್ನು ನಾನು ಬಲ್ಲೆ, ದಯವಿಟ್ಟು ಬೇಡ.

ಉಬ್ಬಿದ ಟ್ಯಾಬ್ ಬಿಚ್ಚುವಾಗ ಬಿಸಿ ಕೊಡಬಾರದು. ಹೇಗೂ ಬ್ಯಾಟರಿಯೇ ಗಾಜನ್ನೋ ಕವರನ್ನೋ ಎತ್ತಿಟ್ಟಿರುತ್ತದೆ, ಆ ಸಂದಿನಿಂದಲೇ ಪಿಕ್ ಹೋಗುತ್ತದೆ. ಕೆಲಸ ಮನೆಯ ಹೊರಗೆ, ಕಟ್ಟೆಯ ಮೇಲೆ ಅಥವಾ ಕಿಟಕಿ ತೆರೆದ ಜಾಗದಲ್ಲಿ, ಮರಳಿನ ಬಕೆಟ್ ಕೈಗೆಟುಕುವಂತೆ ಇಟ್ಟು ಮಾಡಿ. ತೆರೆದಾಗ ಸಿಹಿಯಾದ, ಉಗುರುಬಣ್ಣದಂಥ ವಾಸನೆ ಬಂದರೆ ಬ್ಯಾಟರಿಯ ಹೊದಿಕೆ ಸೋರುತ್ತಿದೆ ಅಂತ ತಿಳಿಯಿರಿ. ಅಲ್ಲಿಗೆ ನಿಲ್ಲಿಸಿ ಅಂಗಡಿಗೆ ತನ್ನಿ. ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಮರಳು ಹಾಕಿದ ತಗಡಿನ ಡಬ್ಬಿಯಲ್ಲಿ ತನ್ನಿ.

ಉಬ್ಬದ ಹಳೆಯ ಬ್ಯಾಟರಿಯನ್ನು ತೆಗೆಯುವುದು ಬೇರೆ. ಅದು ಕೆಳಗಿನ ತಗಡಿಗೆ ಅಂಟಿರುತ್ತದೆ. ಎಳೆಯುವ ಪಟ್ಟಿ ಇದ್ದರೆ ಅದನ್ನು ಮೆಲ್ಲಗೆ, ಮಲಗಿಸಿದ ಹಾಗೆ ಎಳೆಯಿರಿ. ಇಲ್ಲದಿದ್ದರೆ ಅಂಚಿಗೆ ಕೆಲವು ಹನಿ ಐಪಿಎ ಬಿಟ್ಟು, ಟ್ಯಾಬನ್ನು ಓರೆ ಹಿಡಿದು, ಅದು ಒಳಗೆ ಇಳಿಯುವ ತನಕ ಕೂರಿ. ಆಮೇಲೆ ಪ್ಲಾಸ್ಟಿಕ್ ಕಾರ್ಡನ್ನು ಬ್ಯಾಟರಿಯ ಕೆಳಗೆ ಅಗಲವಾಗಿ ತೂರಿಸಿ. ಒಂದು ಮೂಲೆ ಹಿಡಿದು ಮೇಲಕ್ಕೆ ಬಾಗಿಸಬೇಡಿ. ಸ್ಕ್ರೂ ಡ್ರೈವರ್‌ನಿಂದ ಮೀಟುವುದಂತೂ ಬೇಡವೇ ಬೇಡ. ಬಾಗಿದ ಬ್ಯಾಟರಿಯನ್ನು ಮತ್ತೆ ಹಾಕಬಾರದು, ನೋಡಲು ಚೆನ್ನಾಗಿದ್ದರೂ.

ಬುಸ್ಸೆಂದು ಹೊಗೆ ಬಂದರೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿಟ್ಟಿರಿ. ಇಕ್ಕಳದಿಂದ ಎತ್ತಲು ಆಗುವಷ್ಟು ಸಣ್ಣದಿದ್ದರೆ ಮರಳಿಗೆ ಹಾಕಿ ಮೇಲೂ ಮರಳು ಸುರಿಯಿರಿ. ಬ್ಯಾಟರಿ ತಣ್ಣಗಾಗಲು ತುಂಬಾ ನೀರು ಸುರಿದರೂ ಸರಿ. ಆ ಹೊಗೆ ವಿಷ, ಉಸಿರಿಗೆ ತಗೊಳ್ಳಬೇಡಿ. ಕೈ ಮೀರಿತು ಅನ್ನಿಸಿದರೆ ಟ್ಯಾಬ್ ಬಿಟ್ಟು ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ.

ಹಳೆಯ ಟ್ಯಾಬ್‌ನಲ್ಲಿ ಪ್ರಯೋಗ ಮಾಡುವವರಿಗೆ

ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ. ಬ್ಯಾಟರಿ ಸತ್ತ ಹಳೆಯ ಟ್ಯಾಬನ್ನು ಗೋಡೆಗೆ ಹಾಕಿ ಗಡಿಯಾರ, ಕ್ಯಾಮೆರಾ ಪರದೆ ಅಂತ ಬ್ಯಾಟರಿ ಇಲ್ಲದೆ ಓಡಿಸಬಹುದಾ? ಎಷ್ಟೋ ಟ್ಯಾಬ್‌ಗಳಲ್ಲಿ ಆಗುತ್ತದೆ. ಬ್ಯಾಟರಿಯ ತುದಿಯಲ್ಲಿ ಒಂದು ಸಣ್ಣ ರಕ್ಷಣಾ ಬೋರ್ಡ್ ಇರುತ್ತದೆ. ಆ ಬೋರ್ಡನ್ನು ಉಳಿಸಿಕೊಂಡು, ಸೆಲ್ ಜಾಗಕ್ಕೆ ಬಕ್ ಕನ್ವರ್ಟರ್‌ನಿಂದ (ವೋಲ್ಟೇಜ್ ಇಳಿಸುವ ಸಣ್ಣ ಸರ್ಕಿಟ್) 4 ವೋಲ್ಟ್ ಆಸುಪಾಸು ಕೊಡಬೇಕು, 3 ಆಂಪಿಯರ್ ತಾಳುವಂಥದ್ದು. ಮಲ್ಟಿಮೀಟರಿನಲ್ಲಿ ಅಳೆದು ನೋಡಿದ ಮೇಲೇ ಜೋಡಿಸಿ, 4.2 ದಾಟಬಾರದು. ಸೆಲ್ಲಿನ ಎರಡು ಕಿವಿಗಳನ್ನು, ಅಂದರೆ ಹೊರಗೆ ಚಾಚಿದ ಲೋಹದ ಪಟ್ಟಿಗಳನ್ನು, ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ, ಅದಕ್ಕೆ ಬಿಸಿ ತಾಳುವ ಹೀಟ್ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಇದನ್ನು ಒಬ್ಬರೇ ಮಾಡಬೇಡಿ.

ಮುಚ್ಚುವ ಮೊದಲು

ಅಂಟು ಹಾಕುವುದಕ್ಕೂ ಮೊದಲು ಎಲ್ಲ ಕನೆಕ್ಟರ್ ಕೂರಿಸಿ, ಬ್ಯಾಟರಿಯನ್ನು ಕೊನೆಗೆ ಸೇರಿಸಿ, ಟ್ಯಾಬ್ ಆನ್ ಮಾಡಿ. ಟಚ್ ನಾಲ್ಕೂ ಮೂಲೆಯಲ್ಲಿ ಕೆಲಸ ಮಾಡುತ್ತಾ, ಎರಡೂ ಕ್ಯಾಮೆರಾ, ಸ್ಪೀಕರ್, ವೈಫೈ, ಚಾರ್ಜಿಂಗ್, ಎಲ್ಲವನ್ನೂ ಒಂದೊಂದಾಗಿ ನೋಡಿ. ಆಮೇಲೆ ಆಫ್ ಮಾಡಿ ಹಳೆಯ ಅಂಟನ್ನು ಐಪಿಎ ಮತ್ತು ಬಟ್ಟೆಯಿಂದ ಪೂರ್ತಿ ಒರೆಸಿ. ಗಾಜು ಮತ್ತು ಡಿಸ್‌ಪ್ಲೇ ಬೇರೆ ಬೇರೆ ಇದ್ದರೆ ಧೂಳಿನ ಕಾಟ ಇಲ್ಲೇ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ನೆಲ ಒದ್ದೆ ಬಟ್ಟೆಯಿಂದ ಒರೆಸಿ ಕೂರಿ. ಉಳಿದ ಕಣಗಳನ್ನು ಟೇಪ್ ತಾಗಿಸಿ ಎತ್ತಿ.

ಆ ಮಾಡೆಲ್ಲಿಗೆ ಕತ್ತರಿಸಿದ ಡಬಲ್ ಟೇಪ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಬಿ-7000 ಅಂಟನ್ನು ತೆಳ್ಳಗೆ ಎಳೆಯಿರಿ, ಸ್ಪೀಕರ್ ಬಾಯಿ ಮತ್ತು ಬಟನ್ನುಗಳ ಹತ್ತಿರ ಬೇಡ. ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಬಿಡಿ. ಗಾಜು ಕೂರದೆ ಒಂದು ಕಡೆ ಎದ್ದರೆ ಒತ್ತಬೇಡಿ, ಕೆಳಗೆ ಯಾವುದೋ ಸ್ಟ್ರಿಪ್ ಮಡಚಿದೆ ಅಥವಾ ಸ್ಕ್ರೂ ಬಿದ್ದಿದೆ. ನೀರು ತಡೆಯುವ ಟ್ಯಾಬ್ ಆಗಿದ್ದರೆ ಆ ಗುಣ ಈಗ ಹೋಗಿದೆ ಅಂತಲೇ ತಿಳಿಯಿರಿ.

ತೆಗೆದ ಬ್ಯಾಟರಿಯ ಕನೆಕ್ಟರಿಗೆ ಟೇಪ್ ಸುತ್ತಿ, ಒಣ ಮರಳಿನ ತಗಡಿನ ಡಬ್ಬಿಯಲ್ಲಿ ಮನೆಯ ಹೊರಗಿಡಿ. ಅದನ್ನು ಪಾಲಿಕೆಯ ಕಸದ ಗಾಡಿಗೆ ಕೊಡಬೇಡಿ, ಕಸ ಒತ್ತುವಾಗ ಅದು ಹೊತ್ತಿಕೊಂಡರೆ ಗಾಡಿಯ ಕೆಲಸಗಾರರಿಗೆ ಅಪಾಯ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಸರ್ವಿಸ್ ಸೆಂಟರಿನಲ್ಲಿ ಅಥವಾ ಹೊಸ ಬ್ಯಾಟರಿ ಕೊಂಡ ಅಂಗಡಿಯಲ್ಲಿ ಕೇಳಿ ಕೊಡಿ. ಹೊಸ ಬ್ಯಾಟರಿ ಹಾಕಿದ ಟ್ಯಾಬನ್ನು ಮೊದಲ ಕೆಲವು ಸಲ ಹಗಲಿನಲ್ಲಿ, ನೀವು ಎದುರಿಗಿದ್ದಾಗಲೇ ಚಾರ್ಜ್ ಮಾಡಿ. ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈಯಿಡಲು ಆಗದಷ್ಟು ಬಿಸಿಯಾದರೆ ಚಾರ್ಜರ್ ಕಿತ್ತು, ಮತ್ತೆ ತೆರೆದು ನೋಡಬೇಕು.